ತಡವಾದ ಬಸಿರು: ಅಂಡಾಣುವಿನ ವಯಸ್ಸು, ತಾಯಿಯ ವಯಸ್ಸು

2019ರ ಸೆಪ್ಟೆಂಬರಿನಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಸುದ್ದಿ ನಿಮಗೆ ನೆನಪಿರಬಹುದು. "ಅವರಿಗೆ ಆಗಿದ್ದು ನಲವತ್ತೇಳರ ನನಗೇಕೆ ಆಗದು ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ. ಆದರೆ ಅಲ್ಲಿ ಅಂಡಾಣು ಅವರದ್ದಾಗಿರಲಿಲ್ಲ, ದಾನಿಯದ್ದು. ಹೆರಿಗೆಯೂ ಸಿಸೇರಿಯನ್. ದಾನಿ ಅಂಡಾಣುವಿನ ಧಾರ್ಮಿಕ ವಿಧಿಯನ್ನು ಉಲಮಾಗಳಲ್ಲಿ ಕೇಳಿ. ದೇಹದ ಲೆಕ್ಕವನ್ನಷ್ಟೇ ನಾನು ಹೇಳಬಲ್ಲೆ.

ಹೆಣ್ಣುಮಗು ತನ್ನ ಎಲ್ಲ ಅಂಡಾಣುಗಳೊಂದಿಗೇ ಹುಟ್ಟುತ್ತದೆ. ಆದ್ದರಿಂದ 45ರ ತಾಯಿಯ ಅಂಡಾಣುವಿಗೂ 45 ವರ್ಷ. ಡೌನ್ ಸಿಂಡ್ರೋಮ್ ಇರುವ ಮಗು 25ರ ತಾಯಂದಿರಲ್ಲಿ ಸುಮಾರು 1,250ಕ್ಕೆ ಒಂದು. 40ರಲ್ಲಿ 100ಕ್ಕೆ ಒಂದು. 45ರಲ್ಲಿ 30ಕ್ಕೆ ಒಂದು. 45 ದಾಟಿದರೆ ಸ್ವಂತ ಅಂಡಾಣುವಿನ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಪಾತವಾಗುತ್ತವೆ. ಅಂಡಾಣುವನ್ನು ಎಳೆಯದಾಗಿಸುವ ಮಾಜೂನ್ ನಮ್ಮ ಯುನಾನಿಯಲ್ಲಿಲ್ಲ. ಇದೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಬಸಿರಿನಲ್ಲಿ ಲೋಹದ ಕುಶ್ತಾಗಳನ್ನಂತೂ ಮುಟ್ಟಲೇಬೇಡಿ.

ಎಳೆಯ ದಾನಿಯ ಅಂಡಾಣು ಮಗುವಿನ ಈ ಅಪಾಯವನ್ನು ತಗ್ಗಿಸುತ್ತದೆ. ಆದರೆ ಹೊರುವ ಹೃದಯ, ರಕ್ತನಾಳಗಳು ತಾಯಿಯವೇ. ಬಿ.ಪಿ. ಏರುವುದು, ಸಕ್ಕರೆ ಕಾಯಿಲೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂರುವುದು, ಅವಧಿಗೆ ಮುನ್ನ ಹೆರಿಗೆ ಇವೆಲ್ಲ ವಯಸ್ಸಿನೊಂದಿಗೆ ಹೆಚ್ಚುತ್ತವೆ. ಬಿ.ಪಿ.ಯ ತೊಂದರೆ ದಾನಿ ಅಂಡಾಣುವಿನ ಬಸಿರಿನಲ್ಲಿ ಇನ್ನೂ ಹೆಚ್ಚು. ಈಗ 2021ರ ಕಾಯ್ದೆಯಂತೆ 50 ತುಂಬಿದ ಮಹಿಳೆಗೆ ಇಂಥ ಚಿಕಿತ್ಸೆ ಕೊಡುವಂತಿಲ್ಲ.

ನನಗೆ ಹೆಚ್ಚು ಚಿಂತೆ ಚಿಕಿತ್ಸೆಯಿಲ್ಲದೆಯೇ ಬಸಿರಾಗುವವರದ್ದು. ಮುಟ್ಟು ನಿಂತಿತು, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಗೊತ್ತಾದ ಮೇಲೂ, ಮನೆಯಲ್ಲಿ ಸೊಸೆ ಬಂದಿದ್ದಾಳೆ, ಜನ ನಗುತ್ತಾರೆ ಎಂದು ಐದನೇ ತಿಂಗಳವರೆಗೆ ಮುಚ್ಚಿಡುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲೇನಿದೆ? ಮಗುವಿನ ಮೊದಲ ತಪಾಸಣೆಯ ಸ್ಕ್ಯಾನ್ 11ರಿಂದ 14ನೇ ವಾರದೊಳಗೆ ಆಗಬೇಕು. ಬಿ.ಪಿ.ಯ ಅಪಾಯವಿರುವವರಿಗೆ ವೈದ್ಯರು ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ 16ನೇ ವಾರಕ್ಕೆ ಮೊದಲೇ ಶುರುವಾದರೆ ಒಳ್ಳೆಯದು. ಐದನೇ ತಿಂಗಳಿಗೆ ಬಂದವರಿಗೆ ಇವೆರಡೂ ಕೈತಪ್ಪಿರುತ್ತವೆ.

ನಲವತ್ತರ ನಂತರ ಒಂದು ತಿಂಗಳು ಮುಟ್ಟು ತಪ್ಪಿದರೂ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಬಸಿರೆಂದಾದರೆ ಆಪರೇಷನ್ ಮತ್ತು ರಕ್ತದ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಅಲ್ಲಿಗೆ ಹೋಗಿ. ಹೆರಿಗೆಯಾದ ಆರು ವಾರದವರೆಗೂ ಇದೇ ಎಚ್ಚರ ಇರಲಿ.