ಐಸಿಯುಗೆ ಮೊದಲೇ ಬರೆದಿಡಬೇಕಾದ ಕಾಗದ

ಹೈದರಾಬಾದಿನ ಚೆಸ್ ಆಟಗಾರ ಕೆ. ವೆಂಕಟೇಶ್ ಪರವಾಗಿ ಅವರ ತಾಯಿ 2004ರ ಡಿಸೆಂಬರ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಮುಂದಿಟ್ಟ ಕೋರಿಕೆ ದೊಡ್ಡ ಚರ್ಚೆ ಎಬ್ಬಿಸಿತ್ತು. ಸ್ನಾಯುಕ್ಷಯದಿಂದ ಹಾಸಿಗೆ ಹಿಡಿದಿದ್ದ 25ರ ಯುವಕ, ತನ್ನ ಅಂಗಾಂಗಗಳು ಕೆಡುವ ಮೊದಲೇ ಅವನ್ನು ದಾನವಾಗಿ ತೆಗೆದುಕೊಳ್ಳಿ ಎಂದಿದ್ದರು. ಮಿದುಳು ನಿಷ್ಕ್ರಿಯವಾಗಿದೆಯೆಂದು ದೃಢಪಡದೆ ಅಂಥ ಅಂಗಗಳನ್ನು ತೆಗೆಯಲು 1994ರ ಅಂಗಾಂಗ ಕಸಿ ಕಾಯ್ದೆ ಬಿಡದು. ನ್ಯಾಯಾಲಯ ಒಪ್ಪಲಿಲ್ಲ, ವೆಂಕಟೇಶ್ ಅದೇ ತಿಂಗಳು ತೀರಿಕೊಂಡರು. ವೆಂಕಟೇಶರಂತೆ ಸಾವನ್ನು ಮುಂಚೆಯೇ ಬರಮಾಡಿ ಎಂದು ಕೇಳುವುದು ಒಂದು, ವಾಸಿಯಾಗದ ಕಾಯಿಲೆಯಲ್ಲಿ ಯಂತ್ರಗಳಿಂದ ಸಾವನ್ನು ಎಳೆದಾಡಬೇಡಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾನೂನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಎರಡನೆಯದನ್ನು ಮುಂಚಿತವಾಗಿಯೇ ಬರೆದಿಡುವುದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಪ್ರಕರಣದಲ್ಲಿ, ಸಂವಿಧಾನದ 21ನೇ ವಿಧಿಯಡಿ ಹಕ್ಕೆಂದು ಮಾನ್ಯ ಮಾಡಿತು. ಲಿವಿಂಗ್ ವಿಲ್ ಅಂದರೆ ಇದೇ.

2018ರ ವಿಧಾನ ಹೇಗಿತ್ತೆಂದರೆ, ಪತ್ರಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. ಕಾಯಿಲೆಯ ಮನುಷ್ಯ ಕೋರ್ಟಿನ ಮೆಟ್ಟಿಲು ಹತ್ತಬೇಕೆನ್ನುವ ನಿಯಮ ಎಷ್ಟು ಜನರಿಗೆ ನೆರವಾದೀತು? 2023ರ ಜನವರಿ 24ರಂದು ಅದೇ ನ್ಯಾಯಾಲಯ ಇದನ್ನು ಸಡಿಲಿಸಿತು. ಈಗ 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರೇ ಆದರೂ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ಚಲಿಸುವಂತೆ ಮಾಡುವುದು, ಮೂಗಿನ ನಳಿಕೆಯ ಆಹಾರ, ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಯಾವ ಸ್ಥಿತಿಯಲ್ಲಿ ಬೇಡ ಎಂಬುದನ್ನು ಬಿಡಿಸಿ ಬರೆಯಬೇಕು. ಆದರೆ ಪತ್ರದ ಜೀವಾಳ ಇನ್ನೊಂದು ಸಾಲಿನಲ್ಲಿದೆ ಎಂದು ನನ್ನ ಎಣಿಕೆ. ನಿಮಗೆ ಮಾತು ನಿಂತಾಗ ನಿಮ್ಮ ಪರವಾಗಿ ವೈದ್ಯರೊಂದಿಗೆ ಮಾತಾಡುವವರು ಯಾರು ಎಂಬ ಸಾಲು ಅದು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಮುಂದೆ ಬರುವ ಕಾಯಿಲೆ ಯಾವುದೆಂದು ಯಾರೂ ಊಹಿಸಲಾರರು; ಯಾರನ್ನು ನಂಬಬಹುದೆಂದು ಮಾತ್ರ ನಿಮಗೆ ಗೊತ್ತು.

ಹೈದರಾಬಾದಿನ ಕನ್ನಡ ಮನೆಗಳಿಗೆ ಇದು ಇನ್ನಷ್ಟು ಹತ್ತಿರದ ಮಾತು. ತಂದೆತಾಯಿ ಕಾಚಿಗುಡದಲ್ಲಿ, ಒಬ್ಬ ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ ಇರುವ ಸಂಸಾರದಲ್ಲಿ ಐಸಿಯು ಹೊರಗೆ ನಿಂತವರು ಒಬ್ಬರು, ಫೋನಿನಲ್ಲಿ ಆಜ್ಞೆ ಕೊಡುವವರು ಇನ್ನೊಬ್ಬರು. ಕರ್ನಾಟಕ ಆರೋಗ್ಯ ಇಲಾಖೆ ಈ ತೀರ್ಪನ್ನು ಜಾರಿಗೊಳಿಸಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದು ತೆಲಂಗಾಣಕ್ಕೆ ಅನ್ವಯಿಸದು. ಹಾಗೆಂದು ಕಾಯುತ್ತ ಕೂರಬೇಕಿಲ್ಲ. 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬಂಧನಕಾರಿ. ಒಂದು ಎಚ್ಚರ ಮಾತ್ರ ಇರಲಿ: ಪತ್ರ ಬರೀ ಕನ್ನಡದಲ್ಲಿದ್ದರೆ ನಡುರಾತ್ರಿಯ ಡ್ಯೂಟಿ ಡಾಕ್ಟರ್ ಅದನ್ನು ಓದಲಾರರು. ಇಂಗ್ಲಿಷಿನಲ್ಲೂ ಬರೆಸಿ. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಕುಟುಂಬ ವೈದ್ಯರಿಗೆ, ಒಂದು ನಗರಪಾಲಿಕೆಯಂಥ ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಬೇಕು. ಡಿಜಿಟಲ್ ಆರೋಗ್ಯ ದಾಖಲೆಯಲ್ಲೂ ಸೇರಿಸಬಹುದು. ಬ್ಯಾಂಕ್ ಲಾಕರಿನಲ್ಲಿ ಭದ್ರವಾಗಿಟ್ಟ ಪತ್ರದಿಂದ ಪ್ರಯೋಜನವಿಲ್ಲ.

ಆಸ್ತಿಗೆ ಬಾಯಿ ಬಿಡುವ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಪತ್ರ ಯಾರ ಕೈಗೂ ಒಂಟಿ ಅಧಿಕಾರ ಕೊಡುವುದಿಲ್ಲ. ರೋಗಿಗೆ ತಾನೇ ನಿರ್ಧರಿಸುವ ಶಕ್ತಿ ಇಲ್ಲವಾಗಿ, ಗುಣವಾಗುವ ಆಸೆಯೂ ಉಳಿಯದಿದ್ದಾಗ ಮಾತ್ರ ಅದಕ್ಕೆ ಬಲ. ಚಿಕಿತ್ಸೆ ಕೊಡುವ ವೈದ್ಯರ ಜೊತೆಗೆ, ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರಿರುವ ಮಂಡಳಿ ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ಜಿಲ್ಲಾ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿಯೂ ಒಪ್ಪಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿದೆ. ಬಿಲ್ಲು ಕಟ್ಟಲಾರದೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಎಂದು ರುಜು ಹಾಕಿ ರೋಗಿಯನ್ನು ಮನೆಗೆ ಒಯ್ಯುವಾಗ ಇಷ್ಟು ಕಾವಲು ಎಲ್ಲಿರುತ್ತದೆ? ನಾಳೆ ಮನಸ್ಸು ಬದಲಾದರೆ ಎನ್ನುವವರಿಗೂ ಉತ್ತರವಿದೆ: ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು, ಹೊಸದು ಬರೆದರೆ ಹಳೆಯದು ನಿಲ್ಲದು. ಇನ್ನು ಪ್ರಯತ್ನ ಕೈಬಿಟ್ಟರೆ ನರಳಿಸಿದಂತಲ್ಲವೇ ಎಂಬ ಅಳುಕು. ಯಂತ್ರ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು ತಗ್ಗಿಸುವ ಉಪಶಾಮಕ ಚಿಕಿತ್ಸೆ ಕೊನೆಯವರೆಗೂ ಸಲ್ಲಬೇಕು. ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಸ್ಪರ್ಶ್ ಹಾಸ್ಪಿಸ್‌ನಲ್ಲೂ ಅದು ಲಭ್ಯ. ಅಂಥ ಆರೈಕೆ ಬೇಕೆಂಬುದನ್ನೂ ಪತ್ರದಲ್ಲೇ ಬರೆಯಿರಿ, ಹೆಸರಿಸಿದವರನ್ನು ಎದುರು ಕೂರಿಸಿಕೊಂಡು ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಸಹಿ ಹಾಕಿ.