ಕೇಂಬ್ರಿಜ್ಜಿನ ತೆರೆದ ಬಾಗಿಲು

ವಿದ್ಯೆಯು ವಿದ್ವಾಂಸರಲ್ಲಿಯೇ ಉಳಿದರೆ ಅದು ಕೊಳಗದ ಕೆಳಗಿನ ದೀಪದಂತೆ ನಿಷ್ಪ್ರಯೋಜಕವಾಗುವುದೆಂದು ನಾವು ನಂಬಿದ್ದೇವೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ತನ್ನ ದೀಪವನ್ನು ಊರವರ ನಡುವೆ ಇಡುತ್ತಿರುವ ಬಗೆಯನ್ನು ಈಗ ವಿಚಾರಿಸೋಣ.

ಅಲ್ಲಿ ೧೯೯೪ರಲ್ಲಿ ವಿಜ್ಞಾನೋತ್ಸವವು ಆರಂಭವಾಯಿತು. ೨೦೦೮ರಲ್ಲಿ ಕಲೆ, ಸಾಹಿತ್ಯ, ಸಮಾಜಶಾಸ್ತ್ರಗಳಿಗಾಗಿ ವಿಚಾರೋತ್ಸವವು ಹುಟ್ಟಿತು. ಇವೆರಡೂ ಕೂಡಿ ೨೦೨೧ರಲ್ಲಿ ಕೇಂಬ್ರಿಜ್ ಉತ್ಸವವೆನಿಸಿದವು. ಆ ದಿನಗಳಲ್ಲಿ ಪ್ರಯೋಗಶಾಲೆಗಳೂ ವಸ್ತುಸಂಗ್ರಹಾಲಯಗಳೂ ಉಪನ್ಯಾಸಮಂದಿರಗಳೂ ಊರವರಿಗೆ ತೆರೆಯುವುವು. ಬಹುಪಾಲು ಕಾರ್ಯಕ್ರಮಗಳಿಗೆ ಶುಲ್ಕವಿಲ್ಲ. ಚಿಕ್ಕ ಬಾಲಿಕೆಯೂ ಪಂಡಿತರನ್ನು ನೇರವಾಗಿ ಪ್ರಶ್ನಿಸಬಹುದು.

ಆದರೆ ಈ ಬಾಗಿಲು ಹಿಂದೆ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ನಾವು ಮರೆಯಲಾಗದು. ಸ್ತ್ರೀಯರಿಗಾಗಿ ಗರ್ಟನ್ ಕಾಲೇಜು ೧೮೬೯ರಲ್ಲಿಯೇ ಸ್ಥಾಪಿತವಾದರೂ ಅಲ್ಲಿ ಓದಿದವರಿಗೆ ವಿಶ್ವವಿದ್ಯಾನಿಲಯವು ಪದವಿ ಕೊಡಲಿಲ್ಲ. ೧೮೯೦ರಲ್ಲಿ ನ್ಯೂನಮ್ ಕಾಲೇಜಿನ ಫಿಲಿಪ್ಪ ಫಾಸೆಟ್ ಎಂಬಾಕೆಯು ಗಣಿತದ ಪರೀಕ್ಷೆಯಲ್ಲಿ ಪುರುಷರಲ್ಲಿ ಮೊದಲಿಗನಾದವನನ್ನೂ ಮೀರಿದಳು, ಆಕೆಗೂ ಪದವಿಯಿಲ್ಲ. ೧೮೯೭ರಲ್ಲಿ ಸ್ತ್ರೀಯರಿಗೆ ಪದವಿಯೀಯುವ ಸೂಚನೆಯು ಬಹುಮತದಿಂದ ತಿರಸ್ಕೃತವಾಯಿತು. ಕಡೆಗೆ ೧೯೪೮ರಲ್ಲಿ, ಗರ್ಟನ್ ಆರಂಭವಾಗಿ ೭೯ ವರ್ಷಗಳಾದ ಮೇಲೆ, ಅವರಿಗೆ ಪೂರ್ಣ ಅಧಿಕಾರವು ಲಭಿಸಿತು.

ಆದುದರಿಂದ ಇಂತಹ ಉತ್ಸವವನ್ನು ಬರಿಯ ವಿನೋದವೆಂದು ನಾವು ಎಣಿಸಲಾರೆವು. ಒಮ್ಮೆ ಹೊರಗೆ ನಿಂತವರನ್ನು ಒಳಗೆ ಕರೆಯುವುದು ವಿದ್ಯಾಸಂಸ್ಥೆಯ ಔದಾರ್ಯವಲ್ಲ, ಋಣ. ಅದನ್ನು ತೀರಿಸಲು ದೊಡ್ಡ ನಗರವೇ ಬೇಕೆಂದಿಲ್ಲ. ಪೋಷಕರೇ, ನಿಮ್ಮ ಮಗಳು "ಏಕೆ?" ಎಂದು ಕೇಳಿದಾಗ ಗದರಿಸದಿರಿ, ಉತ್ತರ ತಿಳಿಯದಿದ್ದರೆ ಅವಳೊಡನೆ ಹುಡುಕಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ಇಲ್ಲಿ ಕಲಿತುದರಲ್ಲಿ ಒಂದನ್ನಾದರೂ ನೆರೆಮನೆಯ ಹುಡುಗಿಗೆ ಹೇಳಿಕೊಡಿರಿ.