ಕಾಲೇಜು ವ್ಯಾಸಂಗವೂ ಕಸಬಿನ ಕಲಿಕೆಯೂ

ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿಯನ್ನು ಪದವಿಗೆ ಓದಿಸುವುದೋ, ಬೇಗನೆ ಕೈಗೆ ಹತ್ತುವ ಕಸಬೊಂದನ್ನು ಕಲಿಸುವುದೋ ಎಂಬುದು ಯಡಿಯೂರಿನಂತಹ ಊರುಗಳ ತಾಯ್ತಂದೆಗಳಿಗೆ ಸಣ್ಣ ಪ್ರಶ್ನೆಯಲ್ಲ. ಎರಡನ್ನೂ ಒಟ್ಟಿಗೆ ಕಲಿಯಬೇಕೆಂಬ ವಿಚಾರವಂತೂ ಹಳೆಯದು. 1937ರಲ್ಲಿ ಗಾಂಧೀಜಿಯವರು ಕೈಗೆಲಸವನ್ನು ನಡುವಿಟ್ಟುಕೊಂಡೇ ಪಾಠ ನಡೆಯಬೇಕೆಂದು ವಾರ್ಧಾದಲ್ಲಿ ಪ್ರತಿಪಾದಿಸಿದರು. 1943ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು ಸ್ಥಾಪಿತವಾಯಿತು.

ನಮ್ಮ ರಾಜ್ಯದ ಪದವಿಪೂರ್ವ ಹಂತದಲ್ಲಿ ಜೆ.ಓ.ಸಿ. ಎಂಬ ವೃತ್ತಿ ತರಗತಿಗಳು ಹಲವು ವರ್ಷ ನಡೆದು ನಿಂತುಹೋದುದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಕಸಬನ್ನು ಶಾಸ್ತ್ರಪಾಠದಿಂದ ಬೇರ್ಪಡಿಸಿ, ಅದು ಓದಲಾರದವರ ಪಾಲೆಂಬ ಭಾವನೆಗೆ ಎಡೆಗೊಟ್ಟುದೇ ಅದರ ಕೊರತೆಯೆಂದು ನಮಗೆ ತೋರುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1994–95ರಲ್ಲಿ ಬೇರೊಂದು ಮಾರ್ಗ ಹಿಡಿಯಿತು: ಪದವಿಯ ಐಚ್ಛಿಕ ವಿಷಯಗಳಲ್ಲೊಂದರ ಬದಲು ವೃತ್ತಿವಿಷಯವನ್ನು ಓದಬಹುದಾಯಿತು. 2014ರಲ್ಲಿ ಬಂದ ಬಿ.ವೋಕ್. ಪದವಿಯಲ್ಲಿ ವರ್ಷದ 60 ಕ್ರೆಡಿಟ್ಟುಗಳ ಪೈಕಿ 36 ಕೌಶಲಕ್ಕೂ 24 ಸಾಮಾನ್ಯ ವಿದ್ಯೆಗೂ ಮೀಸಲಾದವು. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ನಡುವೆ ಓದು ನಿಂತರೂ ಹುಡುಗಿ ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ಮದುವೆಯ ಮಾತು ಬಂದೊಡನೆ ಪುಸ್ತಕ ಮುಚ್ಚಿಸುವ ಮನೆಗಳು ಇನ್ನೂ ಇರುವಲ್ಲಿ ಇದು ಅಲ್ಪ ಲಾಭವಲ್ಲ.

ಎರಡು ವಿದ್ಯೆಗಳು ಒಂದಕ್ಕೊಂದು ಹೇಗೆ ನೆರವಾಗುತ್ತವೆಂಬುದಕ್ಕೆ ನಮ್ಮ ಜಿಲ್ಲೆಯ ಕೊಬ್ಬರಿಯನ್ನೇ ನೋಡಬಹುದು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಿಸಿದರೆ ನೀರಾರಿ ಉಂಡೆಕೊಬ್ಬರಿಯಾಗುತ್ತದೆ. ಅಷ್ಟು ಕಾಲ ಹಣ ಅಟ್ಟದಲ್ಲೇ ಕೂತಿರುತ್ತದೆ. ಅದರ ಬಡ್ಡಿಯೆಷ್ಟು, ಕೊಳೆತು ಹೋದುದೆಷ್ಟು, ಸುಲಿಯುವ ಕೂಲಿಯೆಷ್ಟು, ತಿಪಟೂರಿನ ಮಾರುಕಟ್ಟೆಯಲ್ಲಿ ಯಾವ ಧಾರಣೆ ಬಂದರೆ ಕಾಯಿಯಾಗಿಯೇ ಮಾರುವುದಕ್ಕಿಂತ ಮೇಲು? ವಾಣಿಜ್ಯಶಾಸ್ತ್ರ ಓದಿದವಳು ಈ ಲೆಕ್ಕ ಬರೆಯಬಲ್ಲಳು. ಆದರೆ ಕಾಯಿಯನ್ನು ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ತಿಳಿಯದವಳ ಲೆಕ್ಕ ಕಾಗದದಲ್ಲೇ ಉಳಿದೀತು. ಅಜ್ಜಿಗೆ ಆ ಸದ್ದು ಗೊತ್ತು, ಬಡ್ಡಿಯ ಸೂತ್ರ ಗೊತ್ತಿಲ್ಲ.

2022ರಲ್ಲಿ ಆಯೋಗವು ಏಕಕಾಲದಲ್ಲಿ ಎರಡು ವ್ಯಾಸಂಗಗಳಿಗೆ ಅನುಮತಿ ಕೊಟ್ಟಿತು. ಕಾಲೇಜಿಗೆ ಹೋಗಿಯೇ ಎರಡನ್ನೂ ಕಲಿಯುವುದಾದರೆ ತರಗತಿಗಳ ವೇಳೆ ಒಂದರ ಮೇಲೊಂದು ಬೀಳಬಾರದು. ಇಲ್ಲವೆ ಒಂದನ್ನು ದೂರಶಿಕ್ಷಣದಲ್ಲಿ ಓದಬಹುದು. ಕಾಲೇಜಿನ ಪಕ್ಕದಲ್ಲೇ ವಾಸಿಸುವವಳಿಗೆ ಇದು ಸುಲಭ. ಯಡಿಯೂರಿನಿಂದ ಕುಣಿಗಲಿಗೋ ತುಮಕೂರಿಗೋ ದಿನವೂ ಹೋಗಿಬರುವವಳಿಗೆ ಸಂಜೆಯ ತರಗತಿಯೆಂದರೆ ಕತ್ತಲಲ್ಲಿ ಬಸ್ಸಿಗೆ ಕಾಯುವುದು. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪೋಷಕರು ವೇಳಾಪಟ್ಟಿಯನ್ನು ಕೇಳಿ ಪಡೆಯಲಿ. ಅಭ್ಯಾಸವು ಯಾವ ಕಾರ್ಯಾಗಾರದಲ್ಲಿ, ವಾರಕ್ಕೆ ಎಷ್ಟು ಗಂಟೆ, ಕಲಿಸುವವರು ಆ ಕೆಲಸವನ್ನು ಸ್ವತಃ ಮಾಡಿದವರೇ, ನಡುವೆ ಬಿಟ್ಟರೆ ಯಾವ ಪ್ರಮಾಣಪತ್ರ ದೊರೆಯುತ್ತದೆ ಎಂಬಿವನ್ನೂ ವಿಚಾರಿಸಲಿ. ಕಾರ್ಯಾಗಾರವನ್ನು ತೋರಿಸಲು ಹಿಂಜರಿಯುವ ಕಾಲೇಜಿಗೆ ಮಗಳನ್ನು ಸೇರಿಸುವುದಕ್ಕಿಂತ ಇನ್ನೊಂದನ್ನು ನೋಡುವುದು ಲೇಸು.